ಉಲ್ಲೇಖಪಟ್ಟಿಯ ಕೊನೆಯ ಹೆಸರು

‘ಸರ್ ಮಾತು ಮುಗಿಸುವ ಮೊದಲೇ ನನ್ನ ಬಾಯಿಂದ ಹೂಂ ರೀ ಬಂದುಬಿಡುತ್ತದೆ. ಒಂದು ದಿನ ಒಪ್ಪಬಾರದ್ದಕ್ಕೂ ಒಪ್ಪಿಬಿಡುತ್ತೇನೋ ಏನೋ.’

ಕುಸುಮಬಾಯಿ ಡೈರಿಯಲ್ಲಿ ಇಷ್ಟು ಬರೆದು, ಯಾರಾದರೂ ನೋಡಿಯಾರೆಂದು ಅದನ್ನು ಸೀರೆಯ ಮಡಿಕೆಗಳ ಕೆಳಗೆ ತುರುಕಿ, ಫಾರ್ಮಿಗೆ ಹೊರಟಳು. ಹೈದರಾಬಾದಿನಲ್ಲಿ ಓದಿ ಬಿ.ಎಸ್ಸಿ. ಮಾಡಿ ಬಂದವಳು. ಉದಗೀರದ ಅಡತಿ ವ್ಯಾಪಾರಿ ಜಗದೇವಪ್ಪನ ಮಗಳು ಅಷ್ಟು ಓದಿ ಏನು ಮಾಡಬೇಕೆಂಬುದು ಊರಿಗೇ ತಿಳಿದಿರಲಿಲ್ಲ. ಊರ ಹೊರಗಿನ ಸರ್ಕಾರಿ ಜೋಳದ ಫಾರ್ಮಿನ ಮುಖ್ಯಸ್ಥ ವಿಶ್ವನಾಥಪ್ಪನವರೊಬ್ಬರೇ, “ನನ್ನ ಪ್ರಬಂಧಕ್ಕ ಸಹಾಯ ಬೇಕಾಗ್ಯಾದ, ಹುಡುಗೀನ ಕಳಸ್ರಿ” ಎಂದು ಮನೆಗೇ ಬಂದು ಕೇಳಿದ್ದರು. ಆ ಉಪಕಾರದ ಭಾರಕ್ಕೇ ಅವಳ ಕತ್ತು ಸದಾ ಹೂಂ ಎಂದು ಬಾಗುತ್ತಿತ್ತು.

ಪ್ರಬಂಧವೇನೋ ಒಂಬತ್ತೇ ಪುಟ. ಜಳಕೋಟದ ಕಡೆ ಬೆಳೆಯುವ ಕೆಂಪು ಜೋಳಕ್ಕೆ, ತೆನೆಯನ್ನು ಕಪ್ಪು ಪುಡಿಯಾಗಿಸುವ ಕಾಡಿಗೆ ರೋಗ ತಾಗುವುದಿಲ್ಲ, ಅಷ್ಟೇ ಅದರ ಸಾರ. ಅದರ ಬಾಲಕ್ಕೆ ಅಂಟಿದ ಹತ್ತೊಂಬತ್ತು ಉಲ್ಲೇಖಗಳೇ ಅವಳ ಜೀವ ತಿನ್ನುತ್ತಿದ್ದವು. ಮದ್ರಾಸಿನ ಪತ್ರಿಕೆಯವರು ಅಡ್ಡಹೆಸರು ಮೊದಲು, ಆಮೇಲೆ ಮೊದಲಕ್ಷರ, ಆಮೇಲೆ ಕಂಸದಲ್ಲಿ ಇಸವಿ ಬೇಕೆಂದಿದ್ದರು. ಸರ್ ತಾವೇ ಕೂತು ಮೊದಲ ಪಟ್ಟಿ ಟೈಪು ಮಾಡಿದ್ದರು. ನಿಜಾಮರ ಕಾಲದ ಉರ್ದು ಕಾಗದಗಳಲ್ಲಿ ಎಲ್ಲರೂ ಇಂಥವರ ಮಗ ಎನ್ನುವುದಕ್ಕೆ ‘ವಲ್ದ್’ ಎಂದೇ ಬರೆದುಕೊಳ್ಳುತ್ತಿದ್ದರಲ್ಲ: ಅಮೃತಪ್ಪ ವಲ್ದ್ ರಾಚಯ್ಯ, ವೈಜಿನಾಥ ವಲ್ದ್ ಮಾಣಿಕಪ್ಪ. ಸರ್ ಅದನ್ನೇ ಅಡ್ಡಹೆಸರಿನ ಜಾಗಕ್ಕೆ ಕೂರಿಸಿದ್ದರು. ಸಂಪಾದಕರು ವಿನಯದಿಂದಲೇ ಕೇಳಿದ್ದರು: ಈ ಇಬ್ಬರು ವಲ್ದ್‌ಗಳು ಅಣ್ಣತಮ್ಮಂದಿರೇ?

ಎರಡನೆಯ ಸಲ ಕುಸುಮ ಹೆಸರುಗಳನ್ನೆಲ್ಲ ನೆಟ್ಟಗೆ ಮಾಡಿ ಕಳಿಸಿದಳು. ಅಷ್ಟರಲ್ಲಿ ಉದಗೀರವೇ ಹೈದರಾಬಾದ್ ರಾಜ್ಯದಿಂದ ಕಳಚಿ ಮುಂಬಯಿಗೆ ಸೇರಿತ್ತು. ಲೇಖಕರ ವಿಳಾಸ ಹೋದ ಸಲದ್ದಕ್ಕೆ ಹೊಂದುತ್ತಿಲ್ಲ, ಫಾರ್ಮನ್ನು ಬೇರೆಡೆಗೆ ಸಾಗಿಸಲಾಗಿದೆಯೇ ಎಂದು ಪತ್ರ ಬಂತು. ಜೊತೆಗೆ ಅಲ್ಪವಿರಾಮಗಳೂ ತಪ್ಪಿದ್ದವು. ನಲವತ್ತೊಂದು ಕಡೆ.

ಇವತ್ತು ಮೂರನೆಯ ಸಲ ಲಕೋಟೆ ತಿರುಗಿ ಬಂದಿತ್ತು. ಕುಸುಮಳಿಗೆ ಅದನ್ನು ಹಾಗೇ ಬಾವಿಗೆ ಎಸೆಯಬೇಕೆನಿಸಿತು. ಎಸೆಯದೆ ಒಡೆದಳು. ಈ ಸಲ ಒಂದೇ ಪ್ರಶ್ನೆ ಇತ್ತು. ಈ ಗುಣವನ್ನು ಮೊದಲು ಗುರುತಿಸಿದವನು ತಾನು, ೧೯೪೬ರ ಜನವರಿಯಲ್ಲಿ, ಎಂದು ಲೇಖಕರು ಬರೆದಿದ್ದಾರೆ. ಪಟ್ಟಿಯ ಕೊನೆಯಲ್ಲಿರುವ ವೈಜಿನಾಥ ಅವರ ವರದಿಯೂ ೧೯೪೬ರದ್ದೇ. ಅದು ಯಾವ ತಿಂಗಳದ್ದು?

“ಮಲ್ಲಣ್ಣಾ, ಹಳೇ ದಫ್ತರದ ಗಂಟು ತಗೀಬೇಕಾಗ್ಯಾದ,” ಎಂದಳು.

ಮಲ್ಲಣ್ಣ ಫಾರ್ಮಿನ ಮುದಿ ಜವಾನ. ಕೆಂಪು ಅರಿವೆಯ ಗಂಟನ್ನು ಧೊಪ್ಪನೆ ಮೇಜಿನ ಮೇಲೆ ಹಾಕಿದ. ಧೂಳೆದ್ದು ಇಬ್ಬರೂ ಸೀನಿದರು. “ಬಾಯಾರೆ, ಜ್ವಾಳ ಬಿತ್ತಿದ್ದು, ಕೊಯ್ದಿದ್ದು, ಉಂಡಿದ್ದು ಎಲ್ಲಾ ಆಯ್ತು. ನಿಮ್ಮ ಕಾಗದ ಮಾತ್ರ ಇನ್ನಾ ತೆನಿ ಬಿಟ್ಟಿಲ್ಲ ನೋಡ್ರಿ.”

“ಸುಮ್ನಿರೋ ಮಾರಾಯಾ.”

ವರದಿ ಸಿಕ್ಕಿತು. ಎರಡು ಹಾಳೆ, ಮುತ್ತಿನಂಥ ಉರ್ದು ಅಕ್ಷರ. ವೈಜಿನಾಥಪ್ಪ ಆಗ ನಿಲಂಗದ ಕಡೆ ಬೆಳೆ ಪರೀಕ್ಷೆಗೆ ತಿರುಗುತ್ತಿದ್ದ ಸಣ್ಣ ಗುಮಾಸ್ತ. ಅಕ್ಕಪಕ್ಕದ ಹೊಲವೆಲ್ಲ ಕಪ್ಪಿಟ್ಟಾಗ ಈ ಕೆಂಪು ಜೋಳದ ಹೊಲವೊಂದೇ ಸ್ವಚ್ಛವಾಗಿ ನಿಂತಿತ್ತೆಂದು ತೆನೆ ತೆನೆ ಎಣಿಸಿ ಬರೆದಿದ್ದ. ಕೆಳಗೆ ತಾರೀಖು: ೩ ಬಹಮನ್ ೧೩೫೫ ಫಸಲಿ.

ಫಸಲಿಯಿಂದ ಇಸವಿಗೆ ಬರಲು ಆ ಕಡೆಯ ಕಚೇರಿಗಳಲ್ಲಿ ಎಲ್ಲರೂ ಐನೂರ ತೊಂಬತ್ತೊಂದು ಕೂಡಿಸುತ್ತಿದ್ದರು. ಅವಳೂ ಕೂಡಿಸಿಯೇ ೧೯೪೬ ಎಂದು ಹಾಕಿದ್ದಳು. ಈಗ ತಿಂಗಳು ಬೇಕಾಗಿ ಬೆರಳು ಮಡಚಿದಳು. ನಿಜಾಮರ ಫಸಲಿ ವರ್ಷ ಹುಟ್ಟುವುದು ಅಕ್ಟೋಬರಿನಲ್ಲಿ. ಅಜೂರ್, ದೈ, ಬಹಮನ್. ಬಹಮನ್ ಎಂದರೆ ಡಿಸೆಂಬರ್. ಜನವರಿ ಇನ್ನೂ ಬಂದಿಲ್ಲ, ಅಂದಮೇಲೆ ಇಸವಿಯೂ ಬದಲಾಗಿಲ್ಲ. ಫಸಲಿ ವರ್ಷದ ಮೊದಲ ಮೂರು ತಿಂಗಳಿಗೆ ಐನೂರ ತೊಂಬತ್ತೇ ಕೂಡಿಸಬೇಕು.

೧೯೪೫ರ ಡಿಸೆಂಬರ್. ಸರ್ ನೋಡುವುದಕ್ಕಿಂತ ಒಂದು ತಿಂಗಳು ಮೊದಲು.

ಎಣಿಕೆ ತಪ್ಪಿರಬಹುದೆಂದು ಮತ್ತೆ ಮಡಚಿದಳು. ಬೆರಳು ಮತ್ತೆ ಡಿಸೆಂಬರಿನಲ್ಲೇ ನಿಂತವು. ಹತ್ತು ವರ್ಷ ಸರ್ ಎದೆಯಲ್ಲಿಟ್ಟುಕೊಂಡು ಸಾಕಿದ ‘ಮೊದಲ ಬಾರಿಗೆ’ ಎಂಬ ಎರಡು ಪದಗಳು ಅವಳದೇ ತಪ್ಪು ಲೆಕ್ಕದ ಮೇಲೆ ಇಷ್ಟು ದಿನ ಕೂತಿದ್ದವು.

ಸಂಜೆ ಊಟಕ್ಕೆ ಕೂತಾಗ ರೊಟ್ಟಿ ಮುರಿದವಳು ಮುರಿದಂತೆಯೇ ಹಿಡಿದು ಕೂತಳು. ಅಪ್ಪ ಜಗದೇವಪ್ಪ ನಕ್ಕ. “ಇನ್ನಾ ಅದೇ ಪಟ್ಟೀನಾ? ಮೂವತ್ತ ವರ್ಷ ಜ್ವಾಳ ಮಾರೀನಿ ತಂಗೀ, ಇದನ್ನ ಮೊದಲ ಯಾರ ನೋಡ್ಯಾರಂತ ಒಬ್ಬನೂ ಕೇಳಿಲ್ಲ.”

“ಬೆಳೆದವನ ಹೆಸರರೆ ಕೇಳ್ತಾರಲ್ಲ,” ಎಂದಳು ತಾಯಿ ಶಿವಗಂಗಾಬಾಯಿ.

“ಅಂವನ ಹೆಸರು ತೂಕ ಆಗೋತನಕಾ ಅಷ್ಟ.”

ಕುಸುಮ ಮುರಿದ ರೊಟ್ಟಿಯನ್ನು ತಾಟಿಗೆ ಹಾಕಿ ಎದ್ದಳು.

ಮರುದಿನ ವಿಶ್ವನಾಥಪ್ಪ ಹುರುಪಿನಲ್ಲಿದ್ದರು. ಲಕೋಟೆಗೆ ವಿಳಾಸ ಬರೆದು, ಅಂಟು ಕಲಸಿಟ್ಟುಕೊಂಡೇ ಕೂತಿದ್ದರು. “ಬಾರವ್ವಾ ಕುಸುಮಾ. ಇವತ್ತಿನ ಗಾಡಿಗೆ ಟಪಾಲು ಹೋಗ್ಬೇಕು. ಇನ್ನೊಂದು ಸಲ ತಿರುಗಿ ಬಂತಂದ್ರ ನಾ ಸನ್ಯಾಸ ತಗೋತೀನಿ. ತಿಂಗಳಾ ಏನ್ ಬರೀಬೇಕು, ಹೇಳು.”

“ಬಹಮನ್ ಅದರಿ ಸರ್,” ಎನ್ನುತ್ತ ಕುಸುಮ ಟೈಪರೈಟರಿನ ಮುಂದೆ ಕೂತಳು.

“ಬಹಮನ್ ಅಂದ್ರ ಡಿಸೆಂಬರ್. ಬರಿ, ಡಿಸೆಂಬರ್ ನಲವತ್ತಾರು. ಬರs ಝಾಲ, ಚಲೋ ಆತು! ನಾ ನೋಡಿದ ಮ್ಯಾಲs ಆತಲ್ಲ, ಹನ್ನೊಂದ ತಿಂಗಳಿಗಿ.”

“ಅದು… ಬಹಮನಕ್ಕ ತೊಂಬತ್ತೊಂದು ಕೂಡ್ಸಂಗಿಲ್ಲರಿ. ತೊಂಬತ್ತು ಅಷ್ಟ.”

“ಏ ಹುಚ್ಚಿ, ನಾ ಹದಿನೈದ ವರ್ಷ ನಿಜಾಮನ ಉಪ್ಪು ತಿಂದಾಂವಾ. ತೊಂಬತ್ತೊಂದs ಕೂಡ್ಸೀವಿ. ಕಚೇರಿ ತುಂಬ ಅದs ಲೆಕ್ಕ. ಮದ್ರಾಸಿನಾವರಿಗಿ ಅಜೂರ ಗೊತ್ತದಾ, ದೈ ಗೊತ್ತದಾ?” ಅವರು ಕೊನೆಯ ಹಾಳೆಯನ್ನು ಅವಳ ಕಡೆ ತಿರುಗಿಸಿದರು. “ಇಲ್ಲಿ ನೋಡು, ನಿನ್ನೆ ಒಂದು ಸಾಲು ಹೆಚ್ಚಿಗಿ ಹಾಕೀನಿ.”

ಪಟ್ಟಿಯ ಮೇಲೆ ಕೃತಜ್ಞತೆಯ ಸಾಲಿತ್ತು. ಕುಮಾರಿ ಕುಸುಮಬಾಯಿ, ಬಿ.ಎಸ್ಸಿ. ತನ್ನ ಹೆಸರನ್ನು ಅಚ್ಚಿಗೆ ಹೋಗುವ ಕಾಗದದಲ್ಲಿ ಅವಳು ಕಂಡದ್ದು ಅದೇ ಮೊದಲು. ಇಂಥ ಮನುಷ್ಯನಿಗೆ ಹೇಗೆ ಹೇಳುವುದು? ಹೇಳದಿದ್ದರೆ ಯಾರಿಗೆ ತಿಳಿಯುತ್ತದೆ? ನಿಲಂಗದಲ್ಲಿ ಪೆನ್ಷನ್ ತಗೊಂಡು ಕೂತ ವೈಜಿನಾಥಪ್ಪನಿಗೆ ಇಂಗ್ಲಿಷ್ ಪತ್ರಿಕೆ ಯಾರು ಓದಿ ಹೇಳುತ್ತಾರೆ? ತೆನೆ ತೆನೆ ಎಣಿಸಿದ ಆ ಎರಡು ಹಾಳೆ ಮತ್ತೆ ಗಂಟಿನೊಳಗೆ ಹೋಗುತ್ತವೆ, ಅವುಗಳ ಮೇಲೆ ತಾನು ಹಾಕಿದ ತಪ್ಪು ಇಸವಿ ಕೂತಿರುತ್ತದೆ.

“ಏನ್ ಯೋಚನಿ ಮಾಡ್ತಿ? ಹಾಕು, ನಲವತ್ತಾರು,” ಎಂದರು ಸರ್, ಅಂಟಿನ ಕಡ್ಡಿ ಎತ್ತಿಕೊಂಡು.

ಹೂಂ ಎನ್ನುವುದು ನಾಲಗೆಯ ತುದಿಗೆ ಬಂದಿತ್ತು. ಕುಸುಮ ಬಾಯಿ ಮುಚ್ಚಿ ಅದನ್ನು ನುಂಗಿದಳು. ಟೈಪರೈಟರಿನಿಂದ ಕೈ ತೆಗೆದು ಎದ್ದು ನಿಂತಳು. ಅವಳ ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು.

“ಹಾಕಂಗಿಲ್ಲರಿ ಸರ್. ಆ ಜ್ವಾಳ ಮೊದಲ ನೋಡಿದಾವರು ನೀವಲ್ಲರಿ, ವೈಜಿನಾಥಪ್ಪನೋರು.”