ಗ್ಯಾಸಿನ ಗುಳಿಗೆ

“ಗರ್ದುಲ್ಯಾ ಸೂಳೆಮಗನ, ಗುಳಿಗಿ ಬೇಡಾಕ ಬಾಯಿ ಐತಿ, ಗಟಾರಕ್ಕ ಇಳ್ಯಾಕ ಕಾಲಿಲ್ಲೇನಲೇ?”

ಮುಕಾದಮ ಈರಣ್ಣ ಒದ್ದ ರಭಸಕ್ಕೆ ನವೀನ ಹೋಗಿ ಕಾರಿಗೆ ಬಡಿದು ಬಿದ್ದ. ಪಾರ್ಲೆಯ ಆ ಬಿಲ್ಡಿಂಗಿನ ಸೆಕ್ರೆಟರಿ ಓಡಿ ಬಂದು ಸವರಿ ನೋಡಿದ್ದು ಕಾರನ್ನು.

“ಐಸೇ ನಶೇಡಿ ಕೋ ಕಾಯ್ಕೋ ಲಾಯಾ?” ಇಂಥ ನಶೆಕೋರನನ್ನು ಯಾಕೆ ತಂದೆ ಎಂದು ಈರಣ್ಣನ ಮೇಲೆ ರೇಗಿದ.

ನಶೆ ಹತ್ತಿಸಿದವರು ಯಾರೆಂದು ನಮ್ಮನ್ನು ಕೇಳಿದ್ದರೆ ಹೇಳುತ್ತಿದ್ದೆವು. ಮೊದಲೆಲ್ಲ ಗಟಾರದ ಚೇಂಬರಿಗೆ ಇಳಿಯುವ ಮುಂಚೆ ಒಂದೊಂದು ಕ್ವಾರ್ಟರ್ ಸಾರಾಯಿ ಸಿಗುತ್ತಿತ್ತು. ಕುಡಿಯದೆ ಊರವರ ಹೇಲಿಗೆ ಇಳಿಯುವ ಗಂಡಸು ಇನ್ನೂ ಹುಟ್ಟಿಲ್ಲ. ಆದರೆ ಬಿಲ್ಡಿಂಗಿನವರಿಗೆ ಸಾರಾಯಿಯ ವಾಸನೆ ಆಗಿಬರಲಿಲ್ಲ. ಆಗ ಈರಣ್ಣ ಗುಳಿಗೆ ತಂದ. ವಾಸನೆಯಿಲ್ಲ, ತಕರಾರಿಲ್ಲ. ನಮ್ಮಂಥ ಮುದುಕರು ಸಾರಾಯಿಯಲ್ಲೇ ಉಳಿದೆವು, ಹುಡುಗರು ಗುಳಿಗೆಗೆ ಬಿದ್ದರು.

ನವೀನನ ಗುಳಿಗೆಯನ್ನು ಈರಣ್ಣ ಕೊಟ್ಟಿದ್ದು ಹುಡುಗನ ಅವ್ವ ಚಂದ್ರವ್ವನ ಕೈಗೆ. “ಒಳಗಿನ ಗ್ಯಾಸ್ ಬಡೀಬಾರದು ಅಂತ ಔಷಧ, ಯಕ್ಕಾ” ಎಂದಿದ್ದ. ಅವಳ ಗಂಡ ಸತ್ತದ್ದೇ ಆ ಗ್ಯಾಸಿಗೆ. ನಂಬದೆ ಏನು ಮಾಡಿಯಾಳು? ಮಗನಿಗೆ ಕಹಿಯಾದೀತೆಂದು ಬೆಲ್ಲದಲ್ಲಿ ಹುದುಗಿಸಿ, ಹಣೆಗೆ ಎಲ್ಲಮ್ಮನ ಭಂಡಾರ ಹಚ್ಚಿ, ದಿನಾ ತಾನೇ ಬಾಯಿಗೆ ಹಾಕಿ ಕಳಿಸಿದಳು. ಗುಳಿಗೆಯಿಲ್ಲದ ದಿನ ಅವನು ಗೋಡೆಗೆ ತಲೆ ಚಚ್ಚಿಕೊಂಡಾಗಲೇ ಅದು ಔಷಧವಲ್ಲ, ನಶೆಯೆಂದು ಅವಳಿಗೆ ತಿಳಿದದ್ದು.

ಇವತ್ತು ಮಗನನ್ನು ಖೋಲಿಯಲ್ಲಿ ಕೂಡಿಹಾಕಿ ಅವಳೊಬ್ಬಳೇ ನಮ್ಮ ಜೊತೆ ಹೊಲಸು ಹೊರಲು ಬಂದಿದ್ದಳು. ಅವನು ತಗಡು ಕಿತ್ತುಕೊಂಡು ಹಿಂದೆಯೇ ಬಂದ.

“ಕಾಕಾ, ಇಳಿತೇನ್ರಿ. ಮೊದಲ ಒಂದ್ ಗುಳಿಗಿ ಕೊಡ್ರಿ.” ಒದೆ ತಿಂದು ಎದ್ದವನು ಮತ್ತೆ ಈರಣ್ಣನನ್ನೇ ಬೇಡಿದ. ಸೊಂಟದ ಹಗ್ಗಕ್ಕೆ ಗಂಟು ಹಾಕಲೂ ಅವನಿಗೆ ಆಗುತ್ತಿರಲಿಲ್ಲ. ಈ ಸ್ಥಿತಿಯಲ್ಲಿ ಇಳಿದರೆ ಅಪ್ಪನನ್ನು ಎಳೆದಂತೆಯೇ ಇವನನ್ನೂ ಮೇಲೆ ಎಳೆಯಬೇಕಾಗುತ್ತಿತ್ತು.

“ಇಳದ ಬಾ. ಎರಡ ಕೊಡ್ತೇನಿ.”

ನಾನು ಹಾರೆ ಹಿಡಿದು ಚೇಂಬರಿನ ಮುಚ್ಚಳ ಎತ್ತಲು ಬಗ್ಗಿದೆ. ಚಂದ್ರವ್ವ ಬುಟ್ಟಿ ಬಿಸಾಕಿ ಬಂದು ಅದರ ಮೇಲೆ ಕುಳಿತುಬಿಟ್ಟಳು.

“ಗಂಡನ್ನ ತಿಂದಿ, ಮಗನ್ನ ಕೊಡಾಂಗಿಲ್ಲೋ ಈರ್ಯಾ! ನೀನs ಗುಳಿಗಿ ನುಂಗು, ನೀನs ಇಳಿ!”

ಮೇಲಿನ ಗ್ಯಾಲರಿಗಳಲ್ಲಿ ಜನ ಬಂದು ನಿಂತರು. ಸೆಕ್ರೆಟರಿ ಪೊಲೀಸರ ಹೆಸರೆತ್ತಿದ. ಈರಣ್ಣ ಅವಳ ಮೈ ಮುಟ್ಟಲಿಲ್ಲ. ಜೇಬಿನಿಂದ ಗುಳಿಗೆಯ ಪಟ್ಟಿ ತೆಗೆದು ನವೀನನಿಗೆ ತೋರಿಸಿದ.

“ನಿಮ್ಮವ್ವನ್ನ ಎಬಸು. ತಗೋ.”

ನವೀನ ಪಟ್ಟಿಯನ್ನೇ ನೋಡಿದ. ಆಮೇಲೆ ಅವ್ವನ ರಟ್ಟೆ ಹಿಡಿದ. “ಏಳಬೇ ಯವ್ವಾ... ನನಗ ಆಗವಲ್ದು, ಏಳು...” ಅವಳು ಮುಚ್ಚಳದ ಹಿಡಿಕೆಗೆ ಬೆರಳು ಸಿಕ್ಕಿಸಿಕೊಂಡಳು. ಅವನು ಕೂದಲು ಹಿಡಿದು ಎಳೆದ. ಬೆನ್ನಿಗೆ ಗುದ್ದಿದ. ಗುದ್ದುತ್ತಲೇ ಹೋ ಎಂದು ಅಳುತ್ತಿದ್ದ.

“ಹೊಡಿ ನನ್ನಪ್ಪಾ, ಹೊಡಿ. ನಾ ಏಳಾಂಗಿಲ್ಲ.”

ಅವನ ಮೂಗು ಒಂದೇ ಸಮನೆ ಸೋರುತ್ತಿತ್ತು. ಚಂದ್ರವ್ವ ಒಂದು ಕೈ ಬಿಡಿಸಿಕೊಂಡು ಸೆರಗಿನಿಂದ ಅದನ್ನು ಒರೆಸಿ, ಮತ್ತೆ ಹಿಡಿಕೆ ಹಿಡಿದಳು.