ಥಂಡಿ ಹೊಡೆದ ಬಸಳೆ ಮಡಿ

ಕರ್ರಗಾದ ಬಸಳೆ ಬಳ್ಳಿಗಳನ್ನು ಭಾಗ್ಯಾ ಒಂದೊಂದಾಗಿ ಕಿತ್ತು ಬುಟ್ಟಿಗೆ ಹಾಕುತ್ತಿದ್ದಳು. ಬೆರಳಿಗೆ ಲೋಳೆ ಹತ್ತುತ್ತಿತ್ತು. ಮೂರು ದಿನದಿಂದ ಜಕ್ಕಲಿಯಲ್ಲಿ ಮೂಳೆ ಕೊರೆಯುವ ಥಂಡಿ. ಹಿತ್ತಲಿನ ರಾಜಗಿರಿ ಸೊಪ್ಪು ಆಗಲೇ ಹೋಗಿತ್ತು. ಉಳಿದದ್ದು ಈ ಒಂದು ಮಡಿ ಬಸಳೆ. ಅದರ ಅಂಚಿನ ಸಾಲೂ ಸುಟ್ಟ ಹಾಗಿತ್ತು.

ಅವಳು ಆರು ತಿಂಗಳ ಬಸುರಿ. ಮೈಯಲ್ಲಿ ರಕ್ತ ಕಡಿಮೆ, ಮಾತ್ರೆಯ ಜೊತೆಗೆ ದಿನಾ ಸೊಪ್ಪು ತಿನ್ನಬೇಕು ಎಂದು ದವಾಖಾನೆಯಲ್ಲಿ ಹೇಳಿದ್ದರು. ಹೋದ ಸಲದ ಕೂಸು ಎಂಟು ದಿನವೂ ಉಳಿದಿರಲಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅವಳೂ ಎತ್ತಿಲ್ಲ.

ಆಶಾ ಕಾರ್ಯಕರ್ತೆ ಖಾಜಾಬಿ ಮಾತ್ರೆ ಕೊಡಲು ಬಂದವಳು ನೇರ ಹಿತ್ತಲಿಗೇ ಬಂದಳು.

"ಯಾಕವಾ, ಬಳ್ಳೀನ ಕೀಳಾಕ ಹತ್ತೀಯಲ್ಲ? ಬಿಡು. ಎಲಿ ಸತ್ತಾವ, ಬುಡ ಇನ್ನೂ ಹಸರ ಐತಿ. ಸಂಜಿಮುಂದ ಏನರ ಹೊದಸಬಾರದ?"

ಬಾಗಿಲಲ್ಲಿ ಬಿಸಿಲಿಗೆ ಕೂತಿದ್ದ ಅತ್ತೆ ಫಕೀರವ್ವ ಉತ್ತರ ಕೊಟ್ಟಳು. "ದೀಪಾ ಹಚ್ಚಿದ ಮ್ಯಾಲ ಗಿಡಾ ಮುಟ್ಟಬಾರದು. ಮಲಗಿರ್ತಾವ. ಈಕಿ ನಿನ್ನೆ ಕತ್ತಲದಾಗ ಹೊದಸಾಕ ಹೊಂಟಿದ್ಲು, ನಾನ ಬ್ಯಾಡ ಅಂದೆ. ಗಿಡಕ್ಕ ಕೌದಿ ಹೊಚ್ಚಿ ಜೋಗುಳಾನೂ ಹಾಡೂದೇನು?"

"ಜೋಗುಳಾ ನೀವ ಹಾಡ್ರಿ. ನಿಮ್ಮ ದನಿ ಕೇಳಿ ಥಂಡಿನ ಓಡಿಹೋಗತೈತಿ," ಅಂದಳು ಖಾಜಾಬಿ. "ನಿಮ್ಮ ಮಾತ ನಡೀಲಿ. ದೀಪಾ ಹಚ್ಚೂಕಿಂತ ಮೊದಲ ಹೊದಸ್ರಿ. ಹೊತ್ತ ಇರೂತನಕ ನೆಲಾ ಕಾದಿರತೈತಿ, ಆ ಬಿಸಿ ಒಳಗ ಉಳೀತೈತಿ. ಕತ್ತಲಾದ ಮ್ಯಾಲ ಹೊದಸಿದ್ರ ಥಂಡೀನ ಮುಚ್ಚಿಟ್ಟಂಗ."

"ಆ ಹೊತ್ತಿಗೆ ಎಮ್ಮಿ ಹಿಂಡೂದ್ಯಾರು?" ಫಕೀರವ್ವ ಕೇಳಿದಳು.

ಖಾಜಾಬಿ ಚೀಲದಿಂದ ಮಾತ್ರೆ ತೆಗೆದು ಭಾಗ್ಯಾಳ ಕೈಗಿಟ್ಟಳು.

"ಅರ್ಧಾ ಹೊದಸು, ಅರ್ಧಾ ಬಿಡು," ಅಂದಳು ಫಕೀರವ್ವ ಕೊನೆಗೆ. "ಎಮ್ಮಿ ನಾ ನೋಡಕೊಂತೀನಿ. ಯಾರದು ಖರೇ ಅಂತ ನಾಳೆ ತಿಳೀತೈತಿ."

ಮಧ್ಯಾಹ್ನವೇ ಭಾಗ್ಯಾ ಮಡಿಗೆ ನೀರು ಹಾಕಿದಳು. ಬುಡಕ್ಕೆ ಜೋಳದ ಒಣ ಕಣಿಕೆ ಹರವಿದಳು. ಬಟ್ಟೆ ಎಲೆಗೆ ತಾಗದ ಹಾಗೆ ತೊಗರಿ ಕಟ್ಟಿಗೆ ನೆಟ್ಟು, ಹೊತ್ತು ಮುಳುಗುವ ಮುಂಚೆ ಅರ್ಧ ಮಡಿಗೆ ಹಳೇ ಸೀರೆ ಹೊದಿಸಿ, ಅಂಚಿಗೆ ಕಲ್ಲಿಟ್ಟಳು.

ಮರುದಿನ ಬಿಸಿಲೇರಿದ ಮೇಲೆ ಸೀರೆ ತೆಗೆದಾಗ ಒಳಗಿನ ಎಲೆ ಹಸಿರಾಗಿತ್ತು. ಬಯಲಿಗೆ ಬಿಟ್ಟ ಅರ್ಧ ಕುದಿಸಿದ ಹಾಗೆ ಜೋತುಬಿದ್ದಿತ್ತು. ಫಕೀರವ್ವ ಬಗ್ಗಿ ಎರಡೂ ಕಡೆಯ ಎಲೆ ಮುಟ್ಟಿ ನೋಡಿದಳು.

"ನಿನ್ನೆನ ಪೂರಾ ಹೊದಸಬೇಕಾಗಿತ್ತು," ಅಂದಳು. ಆ ಸಂಜೆ ಯಾರೂ ಹೇಳದೆ ತಾನೇ ಗೋಣಿಚೀಲ ತಂದಳು.

ಥಂಡಿ ಬಿಡಲಿಲ್ಲ. ವಾರದ ಮೇಲೆ ಸಿಕ್ಕಿದ್ದು ಒಂದು ಹಿಡಿ ಸೊಪ್ಪು, ಪಲ್ಯ ಮಾಡಿದರೆ ಬೋಗುಣಿಯ ತಳ ಮುಚ್ಚುವಷ್ಟು. ಗಂಡ, ಮಾವ, ಅತ್ತೆ ಉಂಡ ಮೇಲೆ ಏನು ಉಳಿಯುತ್ತದೆ ಎಂಬುದು ಭಾಗ್ಯಾಗೆ ಗೊತ್ತಿತ್ತು. ತನ್ನ ಪಾಲನ್ನು ಮೊದಲೇ ತೆಗೆದಿಡಬೇಕು, ಇವತ್ತಷ್ಟೇ ಅಲ್ಲ, ದಿನಾ ಎಂದು ಒಲೆಯ ಮುಂದೆ ಕೂತೇ ನಿರ್ಧರಿಸಿದಳು. ಪಲ್ಯ ಇಳಿಸಿದವಳೇ ಮೊದಲ ಸೌಟನ್ನು ತನ್ನ ಗಂಗಾಳಕ್ಕೆ ಹಾಕಿ ಮುಚ್ಚಿಟ್ಟಳು.

ಅಕ್ಕತಂಗಿಯರೇ, ಥಂಡಿ ಬಿಡುವ ತನಕ ನಿಮ್ಮ ಹಿತ್ತಲಿನ ಗಿಡಗಳನ್ನೂ ಹೊತ್ತು ಮುಳುಗುವ ಮುಂಚೆಯೇ ಹೊದಿಸಿರಿ, ಬಿಸಿಲೇರಿದ ಮೇಲೆ ತೆಗೆಯಿರಿ. ಮನೆಯಲ್ಲಿ ಬಸುರಿ ಇದ್ದರೆ ಸೊಪ್ಪು ಅವಳ ಗಂಗಾಳಕ್ಕೆ ಮೊದಲು ಬೀಳಲಿ. ಆ ಬಸುರಿ ನೀವೇ ಆಗಿದ್ದರೆ, ಯಾರನ್ನೂ ಕೇಳಬೇಡಿರಿ, ನಿಮ್ಮ ಪಾಲನ್ನು ಮೊದಲೇ ತೆಗೆದಿಡಿರಿ.