ಮುಕ್ಕಬೇಡ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಸಿಸ್ಟರಕ್ಕ ಎನ್ನುತ್ತಿದ್ದರು. ಸಿಸ್ಟರ್ ಅಂದರೂ ಅಕ್ಕನೇ, ಅದರ ಬೆನ್ನಿಗೆ ಇನ್ನೊಂದು ಅಕ್ಕ. ಹೆರಿಗೆ ಕೋಣೆಯಲ್ಲೇ ತಲೆ ನರೆಸಿಕೊಂಡವಳಿಗೆ ಎರಡು ಅಕ್ಕ ಹೆಚ್ಚೇನಲ್ಲ ಬಿಡಿ. ಆ ಕೋಣೆಯಲ್ಲಿ ಇವತ್ತು ಅವಳ ಕೊನೆಯ ಪಾಳಿ. ನನ್ನನ್ನು ಬಟ್ಟೆ ಸ್ಟೋರಿನ ಕೆಲಸಕ್ಕೆ ಹಾಕಿ ಎಂದು ಮೇಟ್ರನ್ ಬಳಿ ತಾನೇ ಕೇಳಿಕೊಂಡಿದ್ದಳು. ಮಂಡಿನೋವು ಎಂದು ಹೇಳಿದ್ದು ಶುದ್ಧ ಸುಳ್ಳು. ಮುಟ್ಟು ನಿಂತ ಮೇಲೆ ಮೂತ್ರ ಸೋರಲು ಶುರುವಾಗಿತ್ತು. ಕೆಮ್ಮಿದರೆ, ನಕ್ಕರೆ, ಎಲ್ಲಕ್ಕಿಂತ ಹೆಚ್ಚಾಗಿ ಹೆರಿಗೆ ಮಾಡಿಸುವಾಗ. ನಡುವೆ ಎದ್ದು ಹೋಗುವ ಕೆಲಸವೇ ಅದು?

ವ್ಯಾಯಾಮ ಹೇಳಿಕೊಡುವ ಫಿಸಿಯೋ ಹುಡುಗಿಯ ಹತ್ತಿರ ಹೋಗದೆ ಇರಲಿಲ್ಲ.

"ಮೂತ್ರ ತಡೆಯೋ ಹಾಗೆ ಒಳಗಿನ ಸ್ನಾಯುನ ಬಿಗಿ ಮಾಡಿ ಮೇಲಕ್ಕೆ ಎಳ್ಕೊಳ್ಳಿ. ಉಸಿರು ಕಟ್ಟಬೇಡಿ. ಸರಿಯಾಗಿ ಮಾಡ್ತಿದೀರಾ ಅಂತ ಒಂದ್ಸಲ ನೋಡ್ಲಾ?"

"ಆ ಜಾಗದ ವಿಷಯ ನಂಗೇ ಹೇಳ್ಕೊಡ್ತೀಯೇನಮ್ಮ?" ಎಂದು ಸಿಸ್ಟರಕ್ಕ ದುಡುದುಡು ಎದ್ದು ಬಂದಿದ್ದಳು. ಮನೆಯಲ್ಲಿ ಹಲ್ಲು ಕಚ್ಚಿ ವ್ಯಾಯಾಮ ಮಾಡಿದಳು. ಮಾಡಿದಷ್ಟೂ ಸೋರುವುದು ಜಾಸ್ತಿಯಾಯಿತು. ಹಾಳಾಗಿ ಹೋಗಲಿ ಎಂದು ಕೈಬಿಟ್ಟಳು.

ಈಗ ಮಂಚದ ಮೇಲೆ ಒಬ್ಬ ಚೊಚ್ಚಲ ಬಸುರಿ, ಅವಳ ತಲೆ ಹತ್ತಿರ ಅವಳ ಅಮ್ಮ. ಡಾಕ್ಟರು ಪಕ್ಕದ ಕೋಣೆಯ ಆಪರೇಷನ್ನಿನಲ್ಲಿ ಸಿಕ್ಕಿಕೊಂಡಿದ್ದರು.

"ಮುಕ್ಕಮ್ಮ, ಮುಕ್ಕು. ಇನ್ನೂ ಜೋರಾಗಿ."

ಹೇಳುತ್ತ ಹೇಳುತ್ತ ಸಿಸ್ಟರಕ್ಕ ತಾನೂ ಉಸಿರು ಕಟ್ಟಿದಳು, ತಾನೂ ಕೆಳಕ್ಕೆ ತಳ್ಳಿದಳು. ಹಳೇ ಅಭ್ಯಾಸ, ಗಮನಕ್ಕೂ ಬರುತ್ತಿರಲಿಲ್ಲ. ತೊಡೆಯ ಮೇಲೆ ಬಿಸಿಯಾಗಿ ಇಳಿಯಿತು. ಒಳಗೆ ಕಟ್ಟಿದ್ದ ಪ್ಯಾಡು ಆಗಲೇ ತುಂಬಿತ್ತು. ಇನ್ನೆರಡು ನೋವು ಬಂದರೆ ನೆಲಕ್ಕೆ ಬೀಳುತ್ತದೆ, ಈ ಹುಡುಗಿಯ ಅಮ್ಮ ನೋಡುತ್ತಾಳೆ, ಸಂಜೆಯೊಳಗೆ ಆಸ್ಪತ್ರೆಗೆಲ್ಲ ಸುದ್ದಿ. ಓಡಿಹೋಗಬೇಕು ಅನ್ನಿಸಿತು.

ಅಷ್ಟರಲ್ಲಿ ಮಗುವಿನ ತಲೆ ಹೊರಗೆ ಬಂತು. ಕುತ್ತಿಗೆಗೆ ಹೊಕ್ಕುಳಬಳ್ಳಿ ಬಿಗಿಯಾಗಿ ಸುತ್ತಿಕೊಂಡಿತ್ತು.

"ಮುಕ್ಕಬೇಡ. ತಡ್ಕೋ. ಬಾಯಿ ಬಿಟ್ಟು ಹಾ, ಹಾ ಅಂತ ಉಸಿರಾಡು."

ಹೇಳಿದ್ದು ಬಸುರಿಗೆ, ಮಾತು ಕೇಳಿದ್ದು ಸಿಸ್ಟರಕ್ಕನ ಸ್ವಂತ ಮೈ. ಹಾ, ಹಾ ಎಂದು ಜೊತೆಗೆ ಉಸಿರು ಬಿಟ್ಟಂತೆ ಅವಳ ಒಳಗೆ ಏನೋ ಮುಚ್ಚಿಕೊಂಡು ಮೇಲಕ್ಕೆ ಎದ್ದಿತು. ಸೋರುವುದು ನಿಂತಿತು. ಬೆರಳು ಬಳ್ಳಿಯ ಅಡಿಯಲ್ಲಿ ಸಂದು ಹುಡುಕುತ್ತಿದ್ದರೂ ಮನಸ್ಸಿಗೆ ಥಟ್ಟನೆ ಹೊಳೆಯಿತು: ಇಷ್ಟು ದಿನ ಮನೆಯಲ್ಲಿ ತಾನು ಮಾಡಿದ್ದು ವ್ಯಾಯಾಮವಲ್ಲ, ಹೆರಿಗೆ. ಮೇಲಕ್ಕೆ ಎಳೆದುಕೋ ಅಂದರೆ ಕೆಳಕ್ಕೆ ಮುಕ್ಕಿದ್ದಳು.

ಬಳ್ಳಿ ಸ್ವಲ್ಪ ಸಡಿಲಾಯಿತು. ಅದನ್ನು ತಲೆಯ ಮೇಲಿಂದ ದಾಟಿಸಿದಳು. ಮುಂದಿನ ನೋವಿಗೆ ಮಗು ಜಾರಿ ಕೈಗೆ ಬಂತು, ಬಣ್ಣಗೆಟ್ಟು, ಸದ್ದಿಲ್ಲದೆ. ಬಟ್ಟೆಯಲ್ಲಿ ಬೆನ್ನು ಉಜ್ಜಿದಳು. ಮತ್ತೆ ಉಜ್ಜಿದಳು. ಕೊನೆಗೆ ಅದು ಮುಖ ಕಿವುಚಿ ಕಿರುಚಿದಾಗ ತಾಯಿಯ ಎದೆಯ ಮೇಲೆ ಮಲಗಿಸಿದಳು.

ಎಲ್ಲ ಮುಗಿಯುವ ಹೊತ್ತಿಗೆ ಮೇಟ್ರನ್ ಬಾಗಿಲಲ್ಲಿ ನಿಂತಿದ್ದರು. "ನಾಳೆ ಸ್ಟೋರಿಗೆ ಬೇಗ ಬನ್ನಿ."

"ಬರಲ್ಲ ಮೇಡಂ. ಮಂಡಿನೋವು ಸುಳ್ಳು. ನಂಗೆ ಮೂತ್ರ ಸೋರುತ್ತೆ. ವ್ಯಾಯಾಮ ತಪ್ಪು ಮಾಡ್ತಿದ್ದೆ, ಸರಿಯಾಗಿ ಕಲೀಬೇಕು. ತಿಂಗಳುಗಟ್ಟಲೆ ಹಿಡಿಯಬಹುದು. ಇಲ್ಲೇ ಇರ್ತೀನಿ."

ಮೇಟ್ರನ್ ತಲೆಯಾಡಿಸಿ ಹೋದರು. ಮಂಚದ ಪಕ್ಕದಿಂದ ಬಾಣಂತಿಯ ಅಮ್ಮ ಮೆಲ್ಲಗೆ ಕೇಳಿದಳು.

"ಅದು ವಾಸಿಯಾಗುತ್ತಾ ಸಿಸ್ಟರಕ್ಕ? ಇವಳು ಹುಟ್ಟಿದಾಗಿಂದ ನಂಗೂ ಅದೇ ಪಾಡು. ಅವತ್ತು ಹೆರಿಗೆ ಮಾಡ್ಸಿದ್ದು ನೀವೇ. ನೀವೇನೂ ಹೇಳ್ಲಿಲ್ಲ. ಹೆತ್ತವರ ಹಣೆಬರಹವೇ ಇಷ್ಟು ಅಂದ್ಕೊಂಡು ಸುಮ್ನಿದ್ದೆ."

ಸಿಸ್ಟರಕ್ಕ ಅವಳ ಪಕ್ಕಕ್ಕೆ ಬಂದು ನಿಂತಳು. ಎಷ್ಟೋ ಹೆಂಗಸರಿಗೆ ಮುಕ್ಕು ಎಂದಿದ್ದಳು. ಆಮೇಲೆ ಹೇಗಿದ್ದೀಯ ಎಂದು ಒಬ್ಬಳನ್ನೂ ಕೇಳಿರಲಿಲ್ಲ.